ಮೂರು ತಿಂಗಳಿಗೊಮ್ಮೆ ಬರುವ ಸೂಜಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಮನೆಯಲ್ಲಿ ಈಜು ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಬಲಗೈಯನ್ನು ದಿಂಬಿನ ಮೇಲೆ ಚಾಚಿದ್ದಾರೆ. ಎದುರಿಗೆ ನೆಲದ ಮೇಲೆ ಮಂಡಿಯೂರಿದ ಹೆಂಗಸು ಆ ತೋಳಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತುತ್ತಾರೆ, ಬಿಚ್ಚುತ್ತಾರೆ, ಎರಡು ಬೆರಳಿನಲ್ಲಿ ಮೆಲ್ಲಗೆ ತಟ್ಟುತ್ತಾರೆ, ಮತ್ತೆ ಸುತ್ತುತ್ತಾರೆ. ನರ ಸಿಗುತ್ತಿಲ್ಲ. ಒಂದು ಕಾಲಕ್ಕೆ ಹಗ್ಗದ ಹಾಗೆ ಉಬ್ಬಿ ನಿಲ್ಲುತ್ತಿದ್ದ ನರಗಳು, ಔಷಧಿಯ ಮೇಲೆ ಔಷಧಿ ಇಳಿದು ಇಳಿದು ಈಗ ಚರ್ಮದಡಿ ಎಲ್ಲೋ ಅಡಗಿ ಕುಳಿತಿವೆ.

"ಊರಿನ ಮಕ್ಕಳಿಗೆಲ್ಲ ತೇಲೋದು ಕಲಿಸ್ದೆ. ನನ್ನ ನರ ಮಾತ್ರ ಮುಳುಗೋದನ್ನೇ ಕಲ್ತಿದೆ ನೋಡಮ್ಮ" ಎನ್ನುತ್ತಾರೆ ಮೇಷ್ಟ್ರು.

"ಮುಳುಗ್ಲಿ ಬಿಡಿ ಮೇಷ್ಟ್ರೇ, ನಾನೂ ಹಿಂದೇನೇ ಡೈವ್ ಹೊಡೀತೀನಿ. ನೀವು ಮುಷ್ಟಿ ಕಟ್ಟಿ."

ಡೈವ್ ಹೊಡೆದದ್ದು ಮೇಷ್ಟ್ರಿಗೆ ಗೊತ್ತೇ ಆಗುವುದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿದು, ಕೆಂಪು ರಕ್ತ ಸಣ್ಣ ನಳಿಕೆಯಲ್ಲಿ ಇಳಿದು ಟ್ಯೂಬು ತುಂಬುತ್ತದೆ. ಈ ರಕ್ತ ಒಂದು ವಿಷಯ ಹೇಳಬೇಕಿದೆ: ಮೇಷ್ಟ್ರಿಗೆ ಈಗ ಕೊಡುತ್ತಿರುವ ಔಷಧಿ ಅವರ ಕ್ಯಾನ್ಸರನ್ನು ಹಿಡಿದು ನಿಲ್ಲಿಸಿದೆಯೋ, ಇಲ್ಲವೋ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮೇಷ್ಟ್ರ ಹೆಂಡತಿ ಇಷ್ಟನ್ನೂ ನೋಡುತ್ತಾರೆ. ಬಂದವರನ್ನು ಬನ್ನಿ ಎಂದಿಲ್ಲ, ಹೊರಟವರಿಗೆ ಆಯಿತು ಎನ್ನುವುದೂ ಇಲ್ಲ.

ರಕ್ತ ತೆಗೆಯುವ ಈ ಹೆಂಗಸು ಸುತ್ತಲಿನ ನಾಲ್ಕಾರು ಬಡಾವಣೆಗಳಿಗೆಲ್ಲ ಸೂಜಕ್ಕ. ಹೆತ್ತವರು ಇಟ್ಟ ಹೆಸರೂ ಒಂದಿದೆ, ಅದು ಗುರುತಿನ ಚೀಟಿಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದೆ. ಐವತ್ತರ ಆಸುಪಾಸು, ಸಣಕಲು ಮೈ, ಹೆಗಲಿಗೆ ಚೌಕಾಕಾರದ ಚೀಲ. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಬೆಳಗಿನಿಂದ ಮಧ್ಯಾಹ್ನದೊಳಗೆ ಎಂಟೊಂಬತ್ತು ಮನೆ ಮುಗಿಸುತ್ತಾರೆ. ಲಿಫ್ಟು ಕೆಟ್ಟ ಕಟ್ಟಡಗಳೇ ನನ್ನ ಪಾಲಿಗೆ ಬರ್ತವೆ ಅಂತ ಗೊಣಗುತ್ತಾರೆ. ಗೊಣಗಿದರೂ ಹತ್ತುತ್ತಾರೆ ಅನ್ನಿ. ಗಂಡನದು ಬಸ್ ನಿಲ್ದಾಣದ ಎದುರಿಗೆ ಪಂಕ್ಚರ್ ಅಂಗಡಿ. "ನಾನು ತೂತು ಮುಚ್ಚೋನು, ಇವಳು ತೂತು ಹಾಕೋಳು. ದೇವರು ನೋಡೇ ಜೋಡಿ ಮಾಡಿದಾನೆ" ಎಂದು ಅವರು ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ಸೂಜಕ್ಕನಿಗೆ ಈ ಹಾಸ್ಯ ಕೇಳಿ ಕೇಳಿ ಕಿವಿ ತೂತಾಗಿದೆ.

ಇವರು ತೆಗೆಯುವುದು ಸಕ್ಕರೆ ಕಾಯಿಲೆ, ಕೊಬ್ಬು ಅಂತ ನೋಡುವ ದಿನಬಳಕೆಯ ರಕ್ತವಲ್ಲ. ಗಡ್ಡೆ ತೆಗೆದು ಮನೆಗೆ ಕಳಿಸಿದ ಮೇಲೂ ಮೈಯಲ್ಲಿ ಎಲ್ಲೋ ಒಂದಿಷ್ಟು ಕ್ಯಾನ್ಸರ್ ಜೀವಕೋಶಗಳು ಉಳಿದಿರಬಹುದು. ಅವು ಸಾಯುವಾಗ ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಲ್ಯಾಬಿನ ದೊಡ್ಡ ಯಂತ್ರ ಆ ಚೂರುಗಳನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಹೆದರಿ ಕುಳಿತ ಮನೆಯವರಿಗೆ ಇದನ್ನು ತಿಳಿಸಿ ಹೇಳಲು ಸೂಜಕ್ಕನ ಹತ್ತಿರ ಅವರದೇ ಒಂದು ಪಾಠವಿದೆ.

"ನಿಮ್ಮ ಗಡ್ಡೇನ ಮೊದ್ಲೇ ಮೆಷಿನ್ನಿಗೆ ಕೊಟ್ಟು ಓದ್ಸಿರ್ತಾರೆ. ಅದರಲ್ಲಿ ಅದರದ್ದೇ ಕಾಗುಣಿತ ತಪ್ಪುಗಳಿರ್ತವೆ. ಒಬ್ಬೊಬ್ಬರ ತಪ್ಪು ಒಂದೊಂದು ಥರ. ಆಮೇಲೆ ರಕ್ತದಲ್ಲಿ ಅದೇ ತಪ್ಪು ಎಲ್ಲಾದ್ರೂ ಇದೆಯಾ ಅಂತ ಹುಡುಕ್ತಾರೆ. ಸಿಕ್ತು ಅಂದ್ರೆ ಕಳ್ಳ ಇನ್ನೂ ಮನೇಲೇ ಇದಾನೆ ಅಂತ. ಸ್ಕ್ಯಾನಿಗೆ ಅವನು ಕಾಣೋದು ಕೊಬ್ಬಿ ಬೆಳೆದ ಮೇಲೆ. ರಕ್ತಕ್ಕೆ ಎಷ್ಟೋ ಸಲ ಅದಕ್ಕೂ ಮುಂಚೆ ಗೊತ್ತಾಗುತ್ತೆ."

ಸಿಗದಿದ್ದರೆ? ಆಗ ಲ್ಯಾಬು 'ಇಲ್ಲ' ಎಂದು ಬರೆಯುವುದಿಲ್ಲ, 'ಸಿಕ್ಕಿಲ್ಲ' ಎಂದು ಬರೆಯುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕಂಡರೂ ಅದು ಸತ್ಯದ ಮಾತು. ಇವತ್ತು ಸಿಗದ್ದು ಮೂರು ತಿಂಗಳ ಮೇಲೆ ಸಿಗಬಹುದು. ಆದ್ದರಿಂದ ಒಂದು ಸಲ ನೋಡಿ ಕೈ ತೊಳೆದುಕೊಳ್ಳುವ ಪರೀಕ್ಷೆ ಇದಲ್ಲ. ಮತ್ತೆ ಮತ್ತೆ ರಕ್ತ ಕೊಡಬೇಕು, ಯಾರಾದರೂ ಮತ್ತೆ ಮತ್ತೆ ಬಾಗಿಲು ಬಡಿಯಬೇಕು. ಆ ಯಾರಾದರೂ ಎಂಬವರೇ ಸೂಜಕ್ಕ.

ಮೇಷ್ಟ್ರ ಮನೆಯ ಮೆಟ್ಟಿಲ ಮೇಲೆ ನಿಂತು ಅವರು ಟ್ಯೂಬನ್ನು ತಲೆಕೆಳಗು ಮಾಡುತ್ತಾರೆ, ಮೇಲೆತ್ತುತ್ತಾರೆ, ಮತ್ತೆ ತಲೆಕೆಳಗು. ಒಳಗಿರುವ ಔಷಧದ ನೀರು ರಕ್ತದಲ್ಲಿ ಪೂರ್ತಿ ಬೆರೆಯಬೇಕು, ಆದರೆ ಕುಲುಕಬಾರದು. ಕುಲುಕಿದರೆ ಒಳ್ಳೆಯ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಎಲ್ಲ ಹೊರಗೆ ಚೆಲ್ಲಿಬಿಡುತ್ತದೆ. ಆಮೇಲೆ ಕಳ್ಳನನ್ನು ಹುಡುಕುವುದು ಸಂತೆಯಲ್ಲಿ ಹುಡುಕಿದ ಹಾಗೆ. ಮಂಜುಗಡ್ಡೆಯ ಮೇಲೂ ಇಡುವಂತಿಲ್ಲ. ನಿದ್ದೆ ಹೋದ ಮಗುವಿನ ಮಗ್ಗುಲು ಬದಲಿಸುವಷ್ಟು ಮೆತ್ತಗೆ ಟ್ಯೂಬು ತಿರುಗುತ್ತದೆ. ಬಸ್ಸಿನಲ್ಲಿಯೂ ಚೀಲ ತೊಡೆಯ ಮೇಲೇ. ಹಂಪು ಬಂದಾಗ ಸೂಜಕ್ಕ ಚೀಲ ಎತ್ತಿ ಹಿಡಿಯುತ್ತಾರೆ, ಪಕ್ಕದ ಪ್ರಯಾಣಿಕರು ಒಳಗೆ ಮೊಟ್ಟೆ ಇದೆ ಅಂದುಕೊಳ್ಳುತ್ತಾರೆ.

ಈ ಕೆಲಸಕ್ಕೆ ಬರುವ ಮೊದಲು ಅವರು ಇಪ್ಪತ್ತು ವರ್ಷ ಒಂದು ಆಸ್ಪತ್ರೆಯ ವಾರ್ಡುಗಳಲ್ಲಿ ರಕ್ತ ತೆಗೆಯುತ್ತಿದ್ದರು. ಅಲ್ಲಿ ಕಲಿತದ್ದು ಕೈಚಳಕ ಒಂದೇ ಅಲ್ಲ, ಮಾತೂ ಕಲಿತರು. ಕಾಯಿಲೆ ವಾಸಿಯಾಗಿ ಮನೆಗೆ ಹೊರಟವರನ್ನು ಆಯಾ, ನರ್ಸು, ವಾರ್ಡ್‌ಬಾಯ್ ಎಲ್ಲರೂ ಒಂದೇ ರೀತಿ ಕಳಿಸಿಕೊಡುತ್ತಿದ್ದರು: "ಹೋಗಿ, ಇನ್ನು ಈ ಕಡೆ ತಲೆ ಹಾಕ್ಬೇಡಿ!" ಬೇರೆ ಎಲ್ಲಿ ಹೇಳಿದರೂ ಜಗಳವಾಗುವ ಮಾತು ಅದು. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಅದಕ್ಕಿಂತ ದೊಡ್ಡ ಆಶೀರ್ವಾದ ಇಲ್ಲ. ಹೇಳಿಸಿಕೊಂಡವರು ಕೈಮುಗಿದು, ಕಣ್ಣೊರೆಸಿಕೊಂಡು, ನಕ್ಕು ಹೋಗುತ್ತಿದ್ದರು. ಸೂಜಕ್ಕನೂ ಅದನ್ನು ಎಷ್ಟು ಜನಕ್ಕೆ ಹೇಳಿದ್ದಾರೋ ಲೆಕ್ಕವಿಲ್ಲ. "ನನ್ನ ಮುಖ ಇನ್ನು ನೋಡ್ಬೇಡಿ" ಎಂದು ಅದಕ್ಕೊಂದು ಸ್ವಂತದ ಬಾಲವನ್ನೂ ಸೇರಿಸಿಕೊಂಡಿದ್ದರು.

ಆಸ್ಪತ್ರೆಯ ಕೆಲಸ ಬಿಟ್ಟು ಈ ಹೊಸ ಲ್ಯಾಬಿಗೆ ಬಂದರು. ಕೈಚಳಕದ ಜೊತೆಗೆ ಆ ಮಾತೂ ಬಂತು.

ಈಜು ಮೇಷ್ಟ್ರಿಗೆ ಕರುಳಿನ ಕ್ಯಾನ್ಸರ್ ಆಗಿ, ಆಪರೇಷನ್ ಮಾಡಿ ಗಡ್ಡೆ ತೆಗೆದಿದ್ದರು. ಆಮೇಲೆ ಮೂರು ತಿಂಗಳಿಗೊಮ್ಮೆ ಸೂಜಕ್ಕ ಬಂದು ರಕ್ತ ತೆಗೆಯುವುದು. ಮೊದಲ ಸಲ ಸಿಕ್ಕಿಲ್ಲ, ಎರಡನೇ ಸಲ ಸಿಕ್ಕಿಲ್ಲ, ಮೂರನೇ ಸಲವೂ ಸಿಕ್ಕಿಲ್ಲ. ವರ್ಷ ತುಂಬಿದಾಗ ನಾಲ್ಕನೇ ಸಲದ ರಕ್ತಕ್ಕೆ ಹೋದರೆ, ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಸ್ಕ್ಯಾನೂ ಸ್ವಚ್ಛ ಬಂದಿದೆ, ಮುಂದಿನ ವಾರದಿಂದ ಕೊಳಕ್ಕೆ ಇಳಿಯುತ್ತೇನೆ ಎಂದು ಮಕ್ಕಳ ಹಾಗೆ ಕುಣಿಯುತ್ತಿದ್ದರು. ಅವರ ಹೆಂಡತಿ ಟೀ ಮಾಡಿಕೊಟ್ಟರು. ಆಗೆಲ್ಲ ಆ ಮನೆಯಲ್ಲಿ ಟೀ ಕುಡಿಯದೆ ಹೊರಡುವ ಹಾಗೇ ಇರಲಿಲ್ಲ. ಆ ಸಂತೋಷದ ಭರದಲ್ಲಿ ಸೂಜಕ್ಕ ಹೊಸ್ತಿಲು ದಾಟುತ್ತ ತಿರುಗಿ ಅಂದುಬಿಟ್ಟರು: "ನನ್ನ ಮುಖ ಇನ್ನು ನೋಡ್ಬೇಡಿ ಮೇಷ್ಟ್ರೇ. ನಾನಂತೂ ಈ ಕಡೆ ಬರಲ್ಲಪ್ಪ!"

ಮೂವರೂ ನಕ್ಕರು.

ಸೂಜಕ್ಕ ಅಂದದ್ದು ಹಾರೈಕೆ. ಗಂಡ ಹೆಂಡತಿ ಕೇಳಿಸಿಕೊಂಡದ್ದು ಸುದ್ದಿ. ರಕ್ತ ತೆಗೆಯುವವರೇ ಇನ್ನು ಬರಲ್ಲ ಅಂದರೆ ಎಲ್ಲ ಮುಗಿಯಿತು ಅಂತಲೇ ಅರ್ಥ ಅಲ್ಲವೇ? ನಾಲ್ಕನೇ ವರದಿಯೂ 'ಸಿಕ್ಕಿಲ್ಲ' ಎಂದೇ ಬಂದು ಆ ಅರ್ಥಕ್ಕೆ ಮೊಹರು ಒತ್ತಿತು. ಮೂರು ತಿಂಗಳಾದ ಮೇಲೆ ಲ್ಯಾಬಿನಿಂದ ಫೋನು ಬಂದಾಗ ಮೇಷ್ಟ್ರ ಹೆಂಡತಿ, "ನಿಮ್ಮವರೇ ಬರಲ್ಲ ಅಂದ್ರಲ್ಲ, ನಮ್ದು ಮುಗೀತು" ಎಂದು ಖುಷಿಯಿಂದಲೇ ಹೇಳಿದರು. ಫೋನು ಮಾಡಿದವರು ಹೊಸಬರು. ಸರಿ ಮೇಡಂ ಎಂದು ಇಟ್ಟರು. ವಿಳಾಸ ಸೂಜಕ್ಕನ ದಾರಿಯಿಂದ ಹೊರಗಾಯಿತು.

"ನಂಗೂ ಒಂದ್ಸಲ ನೆನಪಾಯ್ತು" ಎನ್ನುತ್ತಾರೆ ಸೂಜಕ್ಕ. ಹೇಳುವಾಗ ಅವರ ಬೆರಳು ಚೀಲದ ಜಿಪ್ಪನ್ನು ಹಾಕುತ್ತದೆ, ತೆಗೆಯುತ್ತದೆ. "ಆ ಬೀದೀಲೇ ಬೇರೆ ಮನೆಗೆ ಹೋಗಿದ್ದೆ. ಮೇಷ್ಟ್ರ ಮನೆ ಯಾಕೋ ಈ ಸಲ ನನ್ನ ಲಿಸ್ಟಲ್ಲಿ ಬರ್ಲಿಲ್ವಲ್ಲ ಅಂತ ಮೇಲೆ ನೋಡ್ದೆ. ಬಾಲ್ಕನೀಲಿ ಅವರ ಈಜೋ ಚಡ್ಡಿ ಒಣಗಿ ಹಾಕಿತ್ತು. ಓ, ಚೆನ್ನಾಗಿದಾರೆ ಅಂತ ಖುಷಿಯಾಗಿ ಮುಂದೆ ಹೋದೆ. ಹತ್ತಿ ಹೋಗಿ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಕಾಲು ಬರ್ಲಿಲ್ಲ. ಲಿಫ್ಟ್ ಕೆಟ್ಟಿತ್ತು, ಹೇಳ್ಕೊಳ್ಳಕ್ಕೆ ಅದೊಂದು ನೆಪ."

ಎರಡು ಸಲದ ರಕ್ತ ತಪ್ಪಿತು. ಮೇಷ್ಟ್ರಿಗೆ ಬೆನ್ನುನೋವು ಶುರುವಾಯಿತು, ಈಜಿದ್ದು ಹೆಚ್ಚಾಯಿತು ಅಂದುಕೊಂಡು ಎಣ್ಣೆ ತಿಕ್ಕಿಸಿಕೊಂಡರು. ಕೊನೆಗೆ ಸ್ಕ್ಯಾನು ಮಾಡಿಸುವ ಹೊತ್ತಿಗೆ ಕ್ಯಾನ್ಸರು ಯಕೃತ್ತಿನ ತುಂಬ ಹರಡಿತ್ತು. ಒಂದೆರಡು ಕಡೆ ಸಣ್ಣದಾಗಿ ಇದ್ದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು, ಈಗ ಔಷಧಿ ಒಂದೇ ದಾರಿ ಎಂದರು ಡಾಕ್ಟರು.

ಸೂಜಕ್ಕನಿಗೆ ವಿಷಯ ತಿಳಿದದ್ದು ಆ ವಿಳಾಸ ಮತ್ತೆ ಅವರ ಫೋನಿನಲ್ಲಿ ಮೂಡಿದಾಗ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮೇಷ್ಟ್ರ ರಕ್ತ ಮತ್ತೆ ಬೇಕಾಗಿತ್ತು, ಈ ಸಲ ಮೂರು ತಿಂಗಳಿಗಲ್ಲ, ಇನ್ನೂ ಬೇಗ ಬೇಗ. ಹೋದರು. ಬಾಗಿಲು ತೆರೆದ ಮೇಷ್ಟ್ರ ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಹೇಳಿದರು: "ಡಾಕ್ಟರು ಚೆಕಪ್ಪಿಗೆ ಬನ್ನಿ ಬನ್ನಿ ಅಂದಿದ್ದು ನಮ್ಮ ಕಿವಿಗೆ ಬಿತ್ತು. ನೀವು ಬರಲ್ಲ ಅಂದಿದ್ದು ಮನಸ್ಸಿಗೆ ಬಿತ್ತು." ಅಂದಿನಿಂದ ಆಕೆ ಸೂಜಕ್ಕನ ಜೊತೆ ಮಾತು ಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಜಗಳದಲ್ಲಿ ಆಡಿದ ಮಾತಾದರೆ ಕ್ಷಮೆ ಕೇಳಬಹುದು. ಒಳ್ಳೆಯದಾಗಲಿ ಎಂದು ಆಡಿದ ಮಾತಿಗೆ ಹೇಗೆ ಕ್ಷಮೆ ಕೇಳುವುದು? ಸೂಜಕ್ಕ ಲ್ಯಾಬಿನ ದೊಡ್ಡ ಮೇಡಂ ಎದುರಿಗೆ ನಿಂತು ಎಲ್ಲ ಹೇಳಿದರು. ಆ ಎರಡು ಸಲದಲ್ಲಿ ರಕ್ತ ತೆಗೆದಿದ್ದರೆ ಗೊತ್ತಾಗುತ್ತಿತ್ತೇ ಎಂದು ಕೇಳಿದರು. ಮೇಡಂ ಸುಳ್ಳು ಹೇಳುವವರಲ್ಲ.

"ಗೊತ್ತಾಗ್ತಿತ್ತೇನೋ. ಗೊತ್ತಾಗದೇನೂ ಇರಬಹುದಿತ್ತು. ಗೊತ್ತಾಗಿದ್ರೂ ಕತ್ತರಿಸೋ ಹಾಗಿರ್ತಿತ್ತೋ ಇಲ್ವೋ, ಹೇಳಕ್ಕಾಗಲ್ಲ" ಎಂದರು.

"ಆ 'ಹೇಳಕ್ಕಾಗಲ್ಲ' ಇದೆಯಲ್ಲ, ಅದೇ ನನ್ನ ತಿಂತಾ ಇರೋದು" ಎನ್ನುತ್ತಾರೆ ಸೂಜಕ್ಕ. "ನಿಂದೇ ತಪ್ಪು ಅಂದಿದ್ರೆ ಒಂದಿನ ಕೂತು ಅತ್ತುಬಿಡ್ತಿದ್ದೆ. ನಿಂದೇನೂ ಇಲ್ಲ ಅಂದಿದ್ರೆ ಹೇಗೋ ಮರೀತಿದ್ದೆ. ಎರಡೂ ಇಲ್ಲ. ತಟ್ಟೆ ಮುಂದೆ ಕೂತ್ರೆ ಆ ಚಡ್ಡಿ ಒಣಗಿ ಹಾಕಿದ್ದೇ ಕಣ್ಮುಂದೆ ಬರುತ್ತೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಲ್ಯಾಬಿನ ಫೋನಿನವರು ಯಾರಾದರೂ 'ಮುಗೀತು' ಎಂದರೆ ಹಾಗೇ ಇಟ್ಟುಬಿಡುವುದಿಲ್ಲ, ಅವರ ಡಾಕ್ಟರನ್ನು ವಿಚಾರಿಸುತ್ತಾರೆ. ಸೂಜಕ್ಕನ ನಾಲಿಗೆಯೂ ಬದಲಾಗಿದೆ. ವರದಿ ಎಷ್ಟೇ ಚೆನ್ನಾಗಿರಲಿ, ಎಷ್ಟೇ ನಗು ಇರಲಿ, ಹೊರಡುವಾಗ "ಮತ್ತೆ ಬರ್ತೀನಿ, ರಕ್ತ ಕೊಡ್ಬೇಕು" ಎಂದೇ ಹೇಳುತ್ತಾರೆ. ಇದನ್ನು ಎಲ್ಲರೂ ಸಹಿಸುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, "ಹೋಗ್ತಾ ಹೋಗ್ತಾ ಅಪಶಕುನ ನುಡೀಬೇಡ ತಾಯಿ, ಇನ್ನು ಬರಲ್ಲ ಅನ್ನು" ಎಂದು ರೇಗಿದ್ದಾರೆ. ಸೂಜಕ್ಕ ಜಗ್ಗಲಿಲ್ಲ. "ಬೇಕಾದ್ರೆ ಬೈಯಿರಿ ಸಾರ್, ಬಾಗಿಲು ಮಾತ್ರ ತೆಗೀರಿ" ಎಂದರು. ಹಿರಿಯರು ಈಗ ಪ್ರತಿಸಲವೂ ತಪ್ಪದೆ ಬೈಯುತ್ತಾರೆ, ತಪ್ಪದೆ ಬಾಗಿಲನ್ನೂ ತೆಗೆಯುತ್ತಾರೆ.

ಮೇಷ್ಟ್ರು ಒಬ್ಬರೇ ಇವರನ್ನು ಎಂದೂ ಬೈದವರಲ್ಲ. ಬೇರೆ ಯಾರನ್ನಾದರೂ ಕಳಿಸಲೇ ಎಂದು ಸೂಜಕ್ಕನೇ ಕೇಳಿದ್ದರು. "ಬೇರೆಯೋರು ನನ್ನ ಕೈ ಜರಡಿ ಮಾಡ್ತಾರೆ, ನೀನೇ ಬಾಮ್ಮ" ಎಂದರಂತೆ. ಇನ್ನೊಂದು ದಿನ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದಾಗ ತಾವಾಗಿಯೇ ಹೇಳಿದರು: "ಆ ಆರೇಳು ತಿಂಗಳು ನಾನು ಯಾವ ಭಯಾನೂ ಇಲ್ದೆ ನೀರಿಗಿಳಿದೆ ಗೊತ್ತಾ? ಅದನ್ನ ಕೊಟ್ಟೋಳೂ ನೀನೇ. ಲೆಕ್ಕ ಹಾಕೋದಾದ್ರೆ ಅದನ್ನೂ ಹಾಕು." ಆ ಮಾತನ್ನು ಸೂಜಕ್ಕ ಒಪ್ಪಿಕೊಂಡಿಲ್ಲ. "ಅವರು ದೊಡ್ಡ ಮನಸ್ಸಿನೋರು, ಹೇಳ್ತಾರೆ. ನಾನು ಹೇಗೆ ಇಸ್ಕೊಳ್ಳಲಿ? ಅವರ ಹೆಂಡ್ತಿ ಮುಖ ನೋಡಿ ಇಸ್ಕೊಳ್ಳಕ್ಕಾಗುತ್ತಾ?"

ಹಾಗಾಗಿ ಬೀದಿದೀಪ ಆರುವ ಮೊದಲು ತೆಗೆದ ಆ ಮುಂಜಾನೆಯ ಟ್ಯೂಬು ಸೂಜಕ್ಕನಿಗೆ ಎಂಟೊಂಬತ್ತರಲ್ಲಿ ಒಂದಾಗಿರಲಿಲ್ಲ. ಔಷಧಿ ಶುರುವಾದ ಮೇಲೆ ಮೊದಲ ಸಲ ತೆಗೆದ ರಕ್ತದಲ್ಲಿ ಆ ತಪ್ಪು ಅಕ್ಷರಗಳು ಕಡಿಮೆಯಾಗಿದ್ದವು ಎಂದು ಮೇಷ್ಟ್ರೇ ಹೇಳಿದ್ದರು. ಎರಡನೇ ಸಲ ಇನ್ನಷ್ಟು ಕಡಿಮೆ. ಇದು ಮೂರನೆಯದು. ಇದರಲ್ಲೂ ಇಳಿದರೆ ಮೇಷ್ಟ್ರಿಗೆ ಒಂದೆರಡು ವರ್ಷವಾದರೂ ಸಿಗಬಹುದು ಎಂಬ ಆಸೆ. ಲ್ಯಾಬಿನ ಕಿಟಕಿಯಲ್ಲಿ ಟ್ಯೂಬು ಒಪ್ಪಿಸುವಾಗ ಸೂಜಕ್ಕ ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಒಳಗಿನವರು "ಕೊಡಿ ಅಕ್ಕ" ಎಂದು ಎರಡು ಸಲ ಕೇಳಬೇಕಾಯಿತು.

ವರದಿ ಸೂಜಕ್ಕನ ಕೈಗೆ ಬರುವುದಿಲ್ಲ. ಅದು ಡಾಕ್ಟರಿಗೆ ಹೋಗುತ್ತದೆ, ಅಲ್ಲಿಂದ ಮನೆಯವರಿಗೆ. ರಕ್ತ ತೆಗೆದವರು ಕೇಳುವ ಪದ್ಧತಿಯೂ ಇಲ್ಲ. ಎರಡು ವಾರ ಕಳೆದ ಮೇಲೆ ಫೋನು ಮಾಡುವ ಹುಡುಗಿ, "ಅಕ್ಕ, ಆ ಮೂರನೇ ಮಹಡಿ ಇನ್ನು ಬೇಡವಂತೆ" ಎಂದಳು. ಸೂಜಕ್ಕ ಮೇಡಂ ಕೋಣೆಗೆ ಹೋಗಿ ನಿಂತರು. ಮೇಡಂ ಕನ್ನಡಕ ತೆಗೆದಿಟ್ಟು, ತಾನು ಇದನ್ನು ಹೇಳಬಾರದು ಎಂದು ಮೊದಲು ಹೇಳಿದರು. ಆಮೇಲೆ ಹೇಳಿದರು. ತಪ್ಪು ಅಕ್ಷರಗಳು ಒಂದಕ್ಕೆ ಹತ್ತಾಗಿವೆ. ಕ್ಯಾನ್ಸರು ಔಷಧಿಯ ಕಣ್ಣು ತಪ್ಪಿಸಿಕೊಂಡು ಬೆಳೆದಿದೆ. ಬೇರೆ ಔಷಧಿ ತಡೆದುಕೊಳ್ಳುವ ಶಕ್ತಿ ಮೇಷ್ಟ್ರ ಮೈಗೆ ಇಲ್ಲ. ಇನ್ನು ನೋವಾಗದ ಹಾಗೆ ಮನೆಯಲ್ಲಿ ನೋಡಿಕೊಳ್ಳುವುದಷ್ಟೇ, ರಕ್ತ ತೆಗೆಯುವ ಅಗತ್ಯವಿಲ್ಲ.

ಅಂದು ಸೂಜಕ್ಕ ಉಳಿದ ಮನೆಗಳನ್ನೆಲ್ಲ ಮುಗಿಸಿಯೇ ಹೋದರು. ಗಂಡನ ಅಂಗಡಿಯಲ್ಲಿ ಹಳೆಯ ಟೈರೊಂದರ ಮೇಲೆ ಕುಳಿತು ಬಹಳ ಹೊತ್ತು ಅತ್ತರು. ಗಂಡ ಯಾವ ಹಾಸ್ಯವನ್ನೂ ಮಾಡಲಿಲ್ಲ, ಗಿರಾಕಿ ಬಂದರೆ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು.

ರಜೆಯ ದಿನ. ಅದೇ ಮುಂಜಾನೆಯ ಹೊತ್ತು, ಕೊಳದ ಅಭ್ಯಾಸಕ್ಕೆ ಮೇಷ್ಟ್ರು ಆಗಲೇ ಎದ್ದಿರುತ್ತಾರೆ ಎಂಬುದು ಸೂಜಕ್ಕನಿಗೆ ಗೊತ್ತು. "ಚೀಲ ಮರ್ತೆ" ಎಂದು ಗಂಡ ಕೂಗುತ್ತಾರೆ. "ಬೇಡ" ಎಂದು ಇವರು ಹೊರಡುತ್ತಾರೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಾರೆ: ನಾನು ಆಡಿದ ಮಾತು, ನನ್ನ ಮನಸ್ಸಿನಲ್ಲಿ ಇದ್ದದ್ದು, ನಿಮ್ಮ ಕಾಲು ಹಿಡಿಯುತ್ತೇನೆ, ಹೀಗೆ. ಮೂರು ಮಹಡಿ ಹತ್ತಿ ಗಂಟೆ ಒತ್ತುತ್ತಾರೆ. ಬಾಗಿಲು ಅರ್ಧ ತೆರೆಯುತ್ತದೆ, ಮೇಷ್ಟ್ರ ಹೆಂಡತಿ. ನಿದ್ದೆಗೆಟ್ಟ ಕಣ್ಣು, ಕೆದರಿದ ಕೂದಲು.

"ರಕ್ತ ಬೇಡ ಅಂದ್ರಲ್ಲ" ಎನ್ನುತ್ತಾರೆ ಆಕೆ. ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು.

"ಹೌದಮ್ಮ."

"ಮತ್ತೆ?"

ಜೋಡಿಸಿಕೊಂಡಿದ್ದೆಲ್ಲ ಎಲ್ಲಿ ಹೋಯಿತೋ. ಸೂಜಕ್ಕನ ಬಾಯಿಂದ ಹೊರಡುವುದು ಇಷ್ಟೇ: "ಸುಮ್ನೆ ಬಂದೆ. ಮೇಷ್ಟ್ರನ್ನ ನೋಡ್ಕೊಂಡು ಹೋಗೋಣ ಅಂತ."

ಆಕೆ ಸೂಜಕ್ಕನ ಮುಖ ನೋಡುತ್ತಾರೆ. ಚೀಲವಿಲ್ಲದ ಹೆಗಲನ್ನು ನೋಡುತ್ತಾರೆ, ಎರಡೂ ಖಾಲಿ ಕೈಗಳನ್ನು ನೋಡುತ್ತಾರೆ.

"ಯಾರೇ ಅದು?" ಎಂದು ಒಳಗಿನಿಂದ ಮೇಷ್ಟ್ರ ದನಿ ಬರುತ್ತದೆ, ತೆಳ್ಳಗೆ.

ಆಕೆ ಬಾಗಿಲನ್ನು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು, ಒಳಕ್ಕೆ ಮುಖ ಮಾಡಿ ಕೂಗಿ ಹೇಳುತ್ತಾರೆ:

"ಸೂಜಕ್ಕ ಬಂದಿದಾರೆ. ಸೂಜಿ ತಂದಿಲ್ಲ."